ಹಗ್ಗದ ಗಂಟು, ನೂಲಿನ ಬಣ್ಣ: ಬಿಸಿಯೇರುವ ಭೂಮಿಯ ಲೆಕ್ಕ ಹೇಳುವ ಬಗೆ

ಕಳೆದ ವರ್ಷದ ಶಅಬಾನ್ ತಿಂಗಳ ಮಾತು. ಬೆಳಗಿನ ಮದ್ರಸ ಮುಗಿಯಲು ಇನ್ನೂ ಹತ್ತು ನಿಮಿಷ ಇತ್ತು. ಪಾಠ ಮುಗಿದಿತ್ತು, ಮಕ್ಕಳು ಚೀಲ ಕಟ್ಟಿ ಕುಳಿತಿದ್ದರು. ಸಮಯ ಕಳೆಯಲಿ ಅಂತ ನಾವು ಪತ್ರಿಕೆಯಲ್ಲಿ ಓದಿದ ಒಂದು ಸುದ್ದಿ ಹೇಳಿದೆವು. 2024ರಲ್ಲಿ ಭೂಮಿಯ ಸರಾಸರಿ ತಾಪಮಾನ 1850ರಿಂದ 1900ರವರೆಗಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಾಗಿತ್ತು, ಲೆಕ್ಕ ಇಟ್ಟ ವರ್ಷಗಳಲ್ಲಿ ಅದೇ ಅತಿ ಬಿಸಿಯ ವರ್ಷ ಎಂದು ವಿಶ್ವ ಹವಾಮಾನ ಸಂಸ್ಥೆ ಪ್ರಕಟಿಸಿತ್ತು.

ಮಕ್ಕಳು ನಮ್ಮ ಮುಖ ನೋಡಿದರು. ಒಬ್ಬ ಕೇಳಿಯೇ ಬಿಟ್ಟ: "ಒಂದೂವರೆ ಡಿಗ್ರಿಗೆ ಎಂತ ಆಗುತ್ತದೆ ಉಸ್ತಾದ್? ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಏಳೆಂಟು ಡಿಗ್ರಿ ವ್ಯತ್ಯಾಸ ಇರ್ತದಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಬಳಿ ಉತ್ತರ ಇರಲಿಲ್ಲ. ಮರುದಿನ ಉತ್ತರ ಬಂದದ್ದು ಅದೇ ತರಗತಿಯ ಒಂದು ಹುಡುಗಿಯಿಂದ. ಅವಳ ಪುಟ್ಟ ತಮ್ಮನಿಗೆ ರಾತ್ರಿ ಜ್ವರ ಬಂದಿತ್ತಂತೆ. "ಮೂವತ್ತೇಳು ಇರಬೇಕಾದ್ದು ಮೂವತ್ತೆಂಟೂವರೆ ಆಗಿತ್ತು ಉಸ್ತಾದ್. ಅದೂ ಒಂದೂವರೆ ಡಿಗ್ರಿಯೇ ಅಲ್ವಾ? ಉಮ್ಮ ರಾತ್ರಿಯಿಡೀ ಮಲಗಲಿಲ್ಲ."

ನಾವು ಸುಮ್ಮನಾದೆವು. ವಿಜ್ಞಾನಿಗಳು ದೊಡ್ಡ ದೊಡ್ಡ ವರದಿಗಳಲ್ಲಿ ಹೇಳುವುದನ್ನು ಆ ಮಗು ಥರ್ಮಾಮೀಟರ್ ಹಿಡಿದು ಹೇಳಿಬಿಟ್ಟಿತ್ತು. ಬಿಸಿಲಲ್ಲಿ ನಿಂತರೆ ಚರ್ಮ ಬಿಸಿಯಾಗುವುದು ಬೇರೆ, ಒಳಗಿನ ಮೈ ಬಿಸಿಯಾಗುವುದು ಬೇರೆ. ಹಗಲಿನ ಏರಿಳಿತ ಮೊದಲಿನದ್ದು, ಸರಾಸರಿ ಏರುವುದು ಎರಡನೆಯದ್ದು, ಅಂದರೆ ಜ್ವರ.

ಆ ದಿನದಿಂದ ನಮಗೆ ಒಂದು ಯೋಚನೆ ಹತ್ತಿತು. ಲೆಕ್ಕ ಸುಳ್ಳಲ್ಲ, ಆದರೆ ಲೆಕ್ಕ ಮನಸ್ಸಿಗೆ ಇಳಿಯುವುದಿಲ್ಲ. ಅದನ್ನು ಇಳಿಸುವ ದಾರಿ ಯಾವುದು? ಹುಡುಕುತ್ತಾ ಹೋದಾಗ, ಜಗತ್ತಿನ ಬೇರೆ ಬೇರೆ ಕಡೆ ಕಲಾವಿದರೂ ವಿಜ್ಞಾನಿಗಳೂ ಇದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದು ತಿಳಿಯಿತು. ಅದರಲ್ಲಿ ನಮ್ಮ ಮನೆಗಳಿಗೆ ಹತ್ತಿರವಾದ ಕೆಲವನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಕಂಬಳಿಯಿಂದ ಹುಟ್ಟಿದ ಚಿತ್ರ

ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಎಲ್ಲೀ ಹೈವುಡ್ ಎಂಬ ಹವಾಮಾನ ವಿಜ್ಞಾನಿ ಇದ್ದರು. ಅವರು 2017ರಲ್ಲಿ ಕ್ರೋಶಾ ಸೂಜಿ ಹಿಡಿದು ಒಂದು ಕಂಬಳಿ ಹೆಣೆದರು. ಬಣ್ಣವನ್ನು ಆರಿಸಿದ್ದು ಮಾತ್ರ ತಮ್ಮ ಇಷ್ಟಕ್ಕಲ್ಲ. ಒಂದೊಂದು ವರ್ಷಕ್ಕೆ ಒಂದೊಂದು ಪಟ್ಟಿ, ಆ ವರ್ಷ ಭೂಮಿ ಎಷ್ಟು ತಂಪಾಗಿತ್ತು ಅಥವಾ ಬಿಸಿಯಾಗಿತ್ತು ಎಂಬುದಕ್ಕೆ ತಕ್ಕ ಬಣ್ಣದ ನೂಲು. ಹೆಣೆಯುತ್ತಾ ಈಚಿನ ವರ್ಷಗಳಿಗೆ ಬಂದ ಹಾಗೆ ಬಿಸಿಯ ಬಣ್ಣಗಳೇ ಹೆಚ್ಚಾದವು.

ಅದೇ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಎಂಬ ವಿಜ್ಞಾನಿ 2018ರ ಮೇ ತಿಂಗಳಲ್ಲಿ ಇಂಥದ್ದೇ ಪಟ್ಟಿಗಳ ಚಿತ್ರವನ್ನು ಪ್ರಕಟಿಸಿದರು. ಇವರ ಹೆಸರು ಮೊದಲೇ ಕೇಳಿಬಂದಿತ್ತು. 2016ರಲ್ಲಿ ತಾಪಮಾನ ಸುರುಳಿಯಂತೆ ಸುತ್ತಿ ಸುತ್ತಿ ಹೊರಗೆ ಹಬ್ಬುವ ಒಂದು ಚಲಿಸುವ ಚಿತ್ರ ಮಾಡಿದ್ದರು. ಆ ವರ್ಷ ರಿಯೋ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಅದನ್ನು ಕೋಟ್ಯಂತರ ಜನ ನೋಡಿದ್ದರು. ಆದರೆ 2018ರ ಪಟ್ಟಿಗಳು ಅದಕ್ಕಿಂತಲೂ ಸರಳ.

ಜವಳಿ ಅಂಗಡಿಯಲ್ಲಿ ಇಟ್ಟರೆ ಉದ್ದ ಪಟ್ಟೆಯ ಬಟ್ಟೆ ಅಂತಲೇ ಯಾರಾದರೂ ಭಾವಿಸಬೇಕು. ಎಡದಿಂದ ಬಲಕ್ಕೆ ಒಂದರ ಪಕ್ಕ ಒಂದು ನೆಟ್ಟಗಿನ ಪಟ್ಟಿ. ಒಂದು ಪಟ್ಟಿ ಅಂದರೆ ಒಂದು ವರ್ಷ. ಎಡಗಡೆ ಹತ್ತೊಂಬತ್ತನೇ ಶತಮಾನ, ಬಲಗಡೆ ನಮ್ಮ ಕಾಲ. 1971ರಿಂದ 2000ದವರೆಗಿನ ಸರಾಸರಿಯನ್ನು ಮಧ್ಯದ ಗೆರೆ ಎಂದು ಇಟ್ಟುಕೊಂಡರು. ಅದಕ್ಕಿಂತ ತಂಪಾದ ವರ್ಷಕ್ಕೆ ನೀಲಿ, ಬಿಸಿಯಾದ ವರ್ಷಕ್ಕೆ ಕೆಂಪು. ನೀಲಿಯಲ್ಲಿ ಎಂಟು ಛಾಯೆ, ಕೆಂಪಿನಲ್ಲಿ ಎಂಟು ಛಾಯೆ. ಅಷ್ಟೇ. ಅಂಕಿ ಇಲ್ಲ, ಅಕ್ಷರ ಇಲ್ಲ, ಗ್ರಾಫಿನ ಗೆರೆ ಇಲ್ಲ.

ನೋಡಿದರೆ ಎಡಗಡೆ ನೀಲಿ ತುಂಬಿದೆ. ನಡುವೆ ಅಲ್ಲೊಂದು ಇಲ್ಲೊಂದು ತಿಳಿ ಬಣ್ಣ. ಬಲಕ್ಕೆ ಬಂದ ಹಾಗೆ ನೀಲಿ ಕಾಣೆಯಾಗಿ, ಕೊನೆಗೆ ಬರೀ ಗಾಢ ಕೆಂಪು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನಾವೇ ನಮ್ಮ ಮನೆಯಲ್ಲಿ ತೋರಿಸಿ ನೋಡಿದೆವು. "ಇದೆಂತ, ಒಂದು ಬದಿ ಸುಟ್ಟುಹೋಗಿದೆಯಾ?" ಅಂತ ಕೇಳಿದರು.

ಒಂದು ಸಂದೇಹ ಎಲ್ಲರೂ ಕೇಳುತ್ತಾರೆ. "ಮೊನ್ನೆ ಡಿಸೆಂಬರ್‌ನಲ್ಲಿ ಚಳಿ ಜೋರಿತ್ತಲ್ಲ, ಮತ್ತೆ ಬಿಸಿ ಎಲ್ಲಿ?" ಅಂತ. ಉತ್ತರ ಆ ಚಿತ್ರದಲ್ಲೇ ಇದೆ. ಎಲ್ಲ ಪಟ್ಟಿಯೂ ಪಕ್ಕದ ಪಟ್ಟಿಗಿಂತ ಕೆಂಪಾಗಿಲ್ಲ. ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಸ್ವಲ್ಪ ಇಳಿಯುತ್ತದೆ. ಒಂದು ದಿನದ ಚಳಿ ಅಥವಾ ಮಳೆ ಅಂದರೆ ಹವೆ, ಹಲವು ದಶಕಗಳ ನಡೆ ಅಂದರೆ ಹವಾಮಾನ. ಒಂದು ದಿನ ಅಂಗಡಿಯಲ್ಲಿ ವ್ಯಾಪಾರ ಚೆನ್ನಾಗಿ ಆಯಿತು ಅಂತ ಸಾಲ ತೀರುವುದಿಲ್ಲ ಅಲ್ಲವೇ? ವರ್ಷದ ಲೆಕ್ಕ ಪುಸ್ತಕ ತೆಗೆದೇ ನೋಡಬೇಕು.

ಸಾಲದ ಮೂಲವೂ ಗೊತ್ತಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಗ್ಯಾಸ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಭೂಮಿಯ ಬಿಸಿಯನ್ನು ಹೊರಗೆ ಹೋಗಲು ಬಿಡದೆ ಹಿಡಿದಿಡುತ್ತದೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ.

ಹಾಕಿನ್ಸ್ 2019ರ ಜೂನ್‌ನಲ್ಲಿ ಬೇರೆ ಬೇರೆ ದೇಶಗಳ ಪಟ್ಟಿಗಳನ್ನು ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಳ್ಳುವ ಹಾಗೆ ಮಾಡಿದರು. ನಮ್ಮ ಭಾರತದ್ದೂ ಅದರಲ್ಲಿ ಇದೆ. ಒಂದೇ ವಾರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಲ ಜನ ಅದನ್ನು ಇಳಿಸಿಕೊಂಡರು. ಅದಕ್ಕೆ ಹಿಂದಿನ ವರ್ಷವೇ ಟಿ.ವಿ.ಯಲ್ಲಿ ಹವಾಮಾನ ಸುದ್ದಿ ಹೇಳುವ ಎಷ್ಟೋ ಜನ ಆ ಪಟ್ಟಿಗಳಿರುವ ಟೈ ಕಟ್ಟಿ, ಸರ ತೊಟ್ಟು ಕ್ಯಾಮರಾ ಮುಂದೆ ನಿಂತಿದ್ದರು. ಮುಂದೆ ಅದು ಪತ್ರಿಕೆಯ ಮುಖಪುಟಕ್ಕೆ ಬಂತು. ರೆಡಿಂಗ್ ಫುಟ್ಬಾಲ್ ತಂಡದ ಅಂಗಿಯ ತೋಳಿಗೂ ಬಂತು.

ನಮಗೆ ಇನ್ನೊಂದು ಕಾರಣಕ್ಕೂ ಈ ಚಿತ್ರ ಹಿಡಿಸಿತು. ಇದರಲ್ಲಿ ಜೀವಿಗಳ ರೂಪ ಯಾವುದೂ ಇಲ್ಲ, ಬರೀ ಬಣ್ಣ ಮತ್ತು ಗೆರೆ. ನಮ್ಮ ಹಳೆಯ ಮಸೀದಿಗಳ ಮರದ ಕೆತ್ತನೆಯಲ್ಲಿ, ಮನೆಯ ಚಾಪೆಯಲ್ಲಿ ಇರುವುದು ಇದೇ ಅಲ್ಲವೇ? ಮದ್ರಸದ ಗೋಡೆಗೆ ತೂಗುಹಾಕಿದರೆ ಯಾವ ಹಿರಿಯರೂ ಬೇಡ ಅನ್ನುವುದಿಲ್ಲ.

ಹವಳ ಹೆಣೆದ ಅಕ್ಕತಂಗಿಯರು

ನಮ್ಮ ಮನೆಗಳಲ್ಲಿ ಕ್ರೋಶಾದಲ್ಲಿ ಟೊಪ್ಪಿ ಹೆಣೆಯುವ, ಮೇಜಿನ ಬಟ್ಟೆಗೆ ಅಂಚು ಹಾಕುವ ಹೆಣ್ಣುಮಕ್ಕಳಿಗೆ ಒಂದು ವಿಷಯ ಗೊತ್ತುಂಟು. ಸುತ್ತು ಹಾಕುವಾಗ ಲೆಕ್ಕಕ್ಕಿಂತ ಹೆಚ್ಚು ಹೆಣಿಗೆ ಸೇರಿಸಿದರೆ ಬಟ್ಟೆ ಚಪ್ಪಟೆಯಾಗಿ ಕೂರುವುದಿಲ್ಲ. ಅಂಚು ಫ್ರಿಲ್ಲಿನ ಹಾಗೆ ಅಲೆಅಲೆಯಾಗಿ ಏಳುತ್ತದೆ. "ತಪ್ಪಿತು" ಅಂತ ಬಿಚ್ಚಿ ಮತ್ತೆ ಹಾಕುತ್ತಾರೆ.

ಆ "ತಪ್ಪು" ಗಣಿತಜ್ಞರಿಗೆ ನಿಧಿಯಾಯಿತು. ಹೈಪರ್ಬೋಲಿಕ್ ಎಂಬ ಒಂದು ಬಗೆಯ ರೇಖಾಗಣಿತ ಹತ್ತೊಂಬತ್ತನೇ ಶತಮಾನದಿಂದಲೇ ಗೊತ್ತಿತ್ತು. ಆದರೆ ಕೈಯಲ್ಲಿ ಹಿಡಿದು ತೋರಿಸುವ ಗಟ್ಟಿಮುಟ್ಟಾದ ಮಾದರಿ ಮಾಡುವುದು ಕಷ್ಟವಾಗಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ಟೈಮಿನಾ ಎಂಬ ಗಣಿತ ಶಿಕ್ಷಕಿ 1997ರಲ್ಲಿ ಅದನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಇಷ್ಟು ಹೆಣಿಗೆಗೆ ಒಂದು ಹೆಚ್ಚು ಎಂದು ಒಂದೇ ಪ್ರಮಾಣದಲ್ಲಿ ಸೇರಿಸುತ್ತಾ ಹೋಗುವುದು, ಅಷ್ಟೇ ಸೂತ್ರ.

ಸಮುದ್ರದ ಹವಳಗಳ ಎಷ್ಟೋ ಜಾತಿಗಳು ಬೆಳೆಯುವುದು ಇದೇ ಅಲೆಯಲೆ ಆಕಾರದಲ್ಲಿ. ಇದನ್ನು ಕಂಡ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವೆರ್ತೈಮ್ ಎಂಬ ಅಕ್ಕತಂಗಿಯರು 2005ರಲ್ಲಿ ಒಂದು ಕೆಲಸ ಶುರು ಮಾಡಿದರು. ಇವರು ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಇದ್ದದ್ದು ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. ಹುಟ್ಟೂರಿನ ಗ್ರೇಟ್ ಬ್ಯಾರಿಯರ್ ಹವಳದ ದಿಬ್ಬ ಬಿಸಿನೀರಿಗೆ ಸಾಯುತ್ತಿದೆ ಎಂಬ ಸಂಕಟ ಅವರಿಗಿತ್ತು. ಮನೆಯಲ್ಲೇ ಕುಳಿತು ನೂಲಿನಲ್ಲಿ ಹವಳದ ದಿಬ್ಬ ಹೆಣೆಯತೊಡಗಿದರು. ಒಬ್ಬರಿಗೊಬ್ಬರು ಹೇಳಿ, ಊರೂರಿನ ಹೆಂಗಸರು ಸೇರಿಕೊಂಡರು. 2014ರಲ್ಲಿ ಅಬುಧಾಬಿಗೂ ಈ ಪ್ರದರ್ಶನ ಹೋಯಿತು. 2022ರಲ್ಲಿ ಜರ್ಮನಿಯ ಬಾಡೆನ್ ಬಾಡೆನ್ ಪಟ್ಟಣದಲ್ಲಿ ಇಟ್ಟ ದಿಬ್ಬಕ್ಕೆ ಸುಮಾರು 4,000 ಜನ ಸೇರಿ ಸುಮಾರು 40,000 ತುಂಡು ಹೆಣೆದು ಕಳುಹಿಸಿದ್ದರು. ಎಸೆದ ಪ್ಲಾಸ್ಟಿಕ್‌ನಿಂದ ಹೆಣೆದ ಇನ್ನೊಂದು ದಿಬ್ಬವನ್ನೂ ಈ ಸೋದರಿಯರು ಮಾಡಿದ್ದಾರೆ. ಸಮುದ್ರಕ್ಕೆ ನಾವು ಏನು ಕೊಡುತ್ತಿದ್ದೇವೆ ಎಂದು ಅದು ತೋರಿಸುತ್ತದೆ.

ಹವಳ ಎಂದರೆ ನಮಗೆ ದೂರದ ಮಾತಲ್ಲ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಿಂದ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ತುಂಬಿಕೊಂಡು ಮಂಜಿಗಳು ಹೋಗುವುದು ಲಕ್ಷದ್ವೀಪಕ್ಕೆ. ಅಲ್ಲಿಯವರೊಂದಿಗೆ ವ್ಯಾಪಾರ ಮಾಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಆ ದ್ವೀಪಗಳ ನೆಲವೇ ಹವಳ. ಹವಳದ ದಿಬ್ಬವೇ ಅವುಗಳಿಗೆ ತಡೆಗೋಡೆ. ದೊಡ್ಡ ಅಲೆ ದಡಕ್ಕೆ ಬಡಿಯುವ ಮೊದಲೇ ಅಲ್ಲಿ ಮುರಿಯುತ್ತದೆ.

ಹವಳದ ಒಳಗೆ ಬಹಳ ಸಣ್ಣ ಪಾಚಿ ವಾಸವಾಗಿರುತ್ತದೆ. ಹವಳಕ್ಕೆ ಬಣ್ಣ ಕೊಡುವುದೂ ಅದೇ, ಹೆಚ್ಚಿನ ಆಹಾರ ಕೊಡುವುದೂ ಅದೇ. ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಆಗ ಎಲುಬಿನ ಹಾಗೆ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನೀರಿಗಿಳಿದು ನೋಡಿ, ಗಟ್ಟಿ ಹವಳಗಳ ಬಹುಪಾಲು ಜಾತಿಗಳು ಬಿಳಿಚಿವೆ ಎಂದರು. ಮೊದಲ ಎರಡರ ನಡುವೆ ಹನ್ನೆರಡು ವರ್ಷ ಇತ್ತು, ಆಮೇಲೆ ಆರು, ಎಂಟು. ಸುಧಾರಿಸಿಕೊಳ್ಳಲು ಸಮಯವೇ ಸಿಗುತ್ತಿಲ್ಲ.

ಸಾಗರ ತಳದಲ್ಲಿ ಹವಳದ ದಿಬ್ಬ ಇರುವುದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ ಜಾಗದಲ್ಲಿ. ಆದರೆ ಸಮುದ್ರ ಜೀವಿಗಳಲ್ಲಿ ಸುಮಾರು ಕಾಲು ಭಾಗದ ಜಾತಿಗಳು ಒಂದಲ್ಲ ಒಂದು ರೀತಿಯಲ್ಲಿ ಅದನ್ನೇ ನಂಬಿವೆ. ಒಂದು ಬಟ್ಟಲಿನಷ್ಟು ನೂಲಿನ ಹವಳ ಹೆಣೆಯಲು ಗಂಟೆಗಟ್ಟಲೆ ಬೇಕು. ಬೆರಳು ನೋಯಿಸಿಕೊಂಡು ಅದನ್ನು ಹೆಣೆದವಳಿಗೆ ಗೊತ್ತಾಗುತ್ತದೆ, ನಿಜವಾದದ್ದು ಬೆಳೆಯಲು ಎಷ್ಟು ಕಾಲ ಬೇಕು, ಸಾಯಲು ಎಷ್ಟು ಬೇಗ ಸಾಕು ಅಂತ.

ಮಂಜುಗಡ್ಡೆ, ಬೆಳಕಿನ ಗೆರೆ, ನೀರಿನಡಿಯ ಸಭೆ

ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡ್ ಮೂಲದ ಕಲಾವಿದ ಓಲಾಫುರ್ ಎಲಿಯಾಸನ್, ಭೂವಿಜ್ಞಾನಿ ಮಿನಿಕ್ ರೋಸಿಂಗ್ ಇಬ್ಬರೂ ಸೇರಿ ಬೇರೆ ದಾರಿ ಹಿಡಿದರು. ಗ್ರೀನ್‌ಲ್ಯಾಂಡಿನ ಹಿಮದಿಂದ ಒಡೆದು ಸಮುದ್ರದಲ್ಲಿ ತೇಲುತ್ತಿದ್ದ ದೊಡ್ಡ ದೊಡ್ಡ ಮಂಜುಗಡ್ಡೆಗಳನ್ನು ತಂದು ಪೇಟೆಯ ನಡುವೆ ಇಟ್ಟರು. 2014ರಲ್ಲಿ ಕೋಪನ್‌ಹೇಗನ್‌ನಲ್ಲಿ, 2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ, 2018ರಲ್ಲಿ ಲಂಡನ್‌ನಲ್ಲಿ. ಪ್ಯಾರಿಸ್‌ನಲ್ಲಿ ಜಗತ್ತಿನ ದೇಶಗಳೆಲ್ಲ ಹವಾಮಾನ ಒಪ್ಪಂದಕ್ಕೆ ಕುಳಿತಿದ್ದಾಗ, ಅದೇ ಊರಿನ ಚೌಕದಲ್ಲಿ ಗಡಿಯಾರದ ಮುಖದ ಹಾಗೆ ಹನ್ನೆರಡು ಮಂಜುಗಡ್ಡೆಗಳು ಕರಗುತ್ತಿದ್ದವು. ಮಕ್ಕಳು ಅಪ್ಪಿಕೊಂಡರು, ಮುದುಕರು ಕಿವಿಯಿಟ್ಟು ಕೇಳಿದರು.

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ನಾರ್ತ್ ಯುಯಿಸ್ಟ್ ದ್ವೀಪದ ಲಾಕ್‌ಮ್ಯಾಡಿಯಲ್ಲಿ ಫಿನ್‌ಲ್ಯಾಂಡಿನ ಇಬ್ಬರು ಕಲಾವಿದರು, ಪೆಕ್ಕಾ ನಿತ್ತಿವಿರ್ತಾ ಮತ್ತು ಟಿಮೊ ಆಹೊ, ಕಟ್ಟಡಗಳ ಗೋಡೆಗೆ ಬಿಳಿ ಬೆಳಕಿನ ಗೆರೆ ಹಾಕಿದರು. ಭರತ ಬಂದಾಗ ಆ ಗೆರೆ ಹೊತ್ತಿಕೊಳ್ಳುತ್ತಿತ್ತು. ಮುಂದೆ ಸಮುದ್ರ ಏರಿದರೆ ನೀರು ಎಲ್ಲಿಯವರೆಗೆ ಬರಬಹುದು ಎಂದು ಅದು ತೋರಿಸುತ್ತಿತ್ತು. ತನ್ನ ಮನೆಯ ಕಿಟಕಿಯ ಮೇಲೆ ಆ ಗೆರೆ ಕಂಡರೆ ಯಾರು ತಾನೇ ಸುಮ್ಮನಿರುತ್ತಾರೆ?

ನಮ್ಮ ಅರಬಿ ಸಮುದ್ರದ ದಕ್ಷಿಣಕ್ಕಿರುವ ಮಾಲ್ದೀವ್ಸ್‌ನ ನೆಲ ಸಮುದ್ರಕ್ಕಿಂತ ಸರಾಸರಿ ಒಂದೂವರೆ ಮೀಟರ್ ಅಷ್ಟೇ ಎತ್ತರ. 2009ರ ಅಕ್ಟೋಬರ್ 17ರಂದು ಅಲ್ಲಿನ ಅಧ್ಯಕ್ಷ ಮುಹಮ್ಮದ್ ನಶೀದ್ ಮತ್ತು ಮಂತ್ರಿಗಳು ಮುಳುಗುಗಾರರ ಉಡುಪು ತೊಟ್ಟು ಗಿರಿಫುಷಿ ಎಂಬಲ್ಲಿ ನೀರಿನಡಿಯೇ ಸಂಪುಟ ಸಭೆ ನಡೆಸಿದರು. ಮೇಜು ಹಾಕಿ, ಕೈಸನ್ನೆಯಲ್ಲಿ ಮಾತಾಡಿ, ಇಂಗಾಲ ಕಡಿಮೆ ಮಾಡಿ ಎಂಬ ಮನವಿಗೆ ಸಹಿ ಹಾಕಿದರು. ಅದೂ ಒಂದು ನಾಟಕವೇ. ಆದರೆ ಹೇಳಿದ್ದು ಸುಳ್ಳಲ್ಲ.

ಅದೇ ಮಾಲ್ದೀವ್ಸ್ ಇನ್ನೊಂದು ಪಾಠವನ್ನೂ ಹೇಳುತ್ತದೆ. 2018ರಲ್ಲಿ ಜೇಸನ್ ಡಿಕೇರ್ಸ್ ಟೇಲರ್ ಎಂಬ ಕಲಾವಿದ ಅಲ್ಲಿನ ಒಂದು ಪ್ರವಾಸಿ ದ್ವೀಪದ ನೀರಿನಲ್ಲಿ ಅರ್ಧ ಮುಳುಗಿದ ಮನುಷ್ಯಾಕೃತಿಗಳನ್ನು ನಿಲ್ಲಿಸಿದರು. ಹವಳ ಅದರ ಮೇಲೆ ಬೆಳೆಯಲಿ, ಜನ ಸಮುದ್ರದ ಬಗ್ಗೆ ಯೋಚಿಸಲಿ ಎಂಬುದು ಉದ್ದೇಶ. ಆದರೆ ಮನುಷ್ಯರ ವಿಗ್ರಹ ಎಂಬ ಕಾರಣಕ್ಕೆ ನಾಡಿನಲ್ಲಿ ವಿರೋಧ ಎದ್ದಿತು. ಅದೇ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯದ ಆದೇಶದಂತೆ ಅವನ್ನು ಒಡೆದು ತೆಗೆದರು. ಸರಿ ತಪ್ಪಿನ ತೀರ್ಪು ಇಲ್ಲಿ ನಮ್ಮ ಕೆಲಸವಲ್ಲ. ಹವಳದ ಮಾತು ಹೇಳಲು ಹೋದ ಕಲೆ ಕೊನೆಗೆ ವಿಗ್ರಹದ ಜಗಳದಲ್ಲಿ ಮುಗಿಯಿತು ಎಂಬುದಷ್ಟೇ ನಮಗೆ ಮುಖ್ಯ. ಯಾರಿಗೆ ಹೇಳುತ್ತೇವೋ ಅವರ ಮನೆಯ ರೀತಿ ತಿಳಿದು ಹೇಳಬೇಕು.

ಕಣ್ಣೀರು ಸಾಕೇ?

ಇಷ್ಟೆಲ್ಲ ಓದಿದ ಮೇಲೆ ನಮಗೂ ಒಂದು ಸಂಶಯ ಬಂತು. ಚಿತ್ರ ನೋಡಿ ಜನ ಅಯ್ಯೋ ಅಂದರೆ ಆಯಿತೇ? ಮಂಜುಗಡ್ಡೆಯನ್ನು ಅಷ್ಟು ದೂರ ಸಾಗಿಸಲು ಇಂಧನ ಸುಡಲಿಲ್ಲವೇ ಎಂದು ಎಲಿಯಾಸನ್ ಅವರನ್ನೂ ಜನ ಕೇಳಿದರು. ಅವರು ಅದರ ಇಂಗಾಲದ ಲೆಕ್ಕವನ್ನು ಬೇರೆಯವರಿಂದ ಹಾಕಿಸಿ ಪ್ರಕಟಿಸಿದರು. ಇದು ಒಳ್ಳೆಯ ನಡತೆ. ಆದರೂ ಗೋಡೆಯ ಮೇಲಿನ ಕೆಂಪು ಪಟ್ಟಿ ಒಂದು ವಿದ್ಯುತ್ ಸ್ಥಾವರವನ್ನೂ ಬದಲಿಸುವುದಿಲ್ಲ. ಅದನ್ನು ಬದಲಿಸುವುದು ಸರಕಾರಗಳ ತೀರ್ಮಾನ, ದೊಡ್ಡ ದೇಶಗಳ ತೀರ್ಮಾನ.

ಆದರೆ ಕಲೆ ಒಂದು ಕೆಲಸ ಮಾಡುತ್ತದೆ. ಮಾತು ಶುರು ಮಾಡಿಸುತ್ತದೆ. ನಾಲ್ಕು ಜನ ಸೇರಿ ಹೆಣೆಯುವಾಗ ಕೈ ಓಡುತ್ತದೆ, ಬಾಯಿಯೂ ಓಡುತ್ತದೆ. ಬೀಡಿ ಕಟ್ಟುವ ನಮ್ಮ ಉಮ್ಮಂದಿರಿಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಒಬ್ಬೊಬ್ಬರೇ ಓದಿದರೆ ಹೆದರಿಕೆ, ಕೂಡಿ ಮಾಡಿದರೆ ಧೈರ್ಯ.

ಒಂದು ಶರತ್ತು ಮಾತ್ರ ಇದೆ. ಲೆಕ್ಕ ಸರಿ ಇರಬೇಕು. ಮನ ಕರಗಲಿ ಅಂತ ಒಂದು ಪಟ್ಟಿಯನ್ನು ಹೆಚ್ಚು ಕೆಂಪು ಮಾಡಿದರೆ, ಅದು ಗೊತ್ತಾದ ದಿನ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ಹಾಕಿನ್ಸ್ ಅವರ ಪಟ್ಟಿಯ ಬಲ ಇರುವುದು ಅಲ್ಲೇ. ಅದರ ಅಂಕಿಗಳನ್ನು ಯಾರು ಬೇಕಾದರೂ ತೆಗೆದು ಪರೀಕ್ಷಿಸಬಹುದು.

ನಮ್ಮ ಹುಡುಗನ ಹಗ್ಗ

ಇನ್ನು ನಮ್ಮ ಮದ್ರಸಕ್ಕೆ ಬರುತ್ತೇವೆ. "ಒಂದೂವರೆ ಡಿಗ್ರಿಗೆ ಎಂತ ಆಗುತ್ತದೆ" ಎಂದು ಕೇಳಿದ ಹುಡುಗನ ಮನೆ ಸಮುದ್ರದ ಬದಿಯಲ್ಲೇ ಇದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹೊರಗೆ ಹಾದುಹೋದಾಗ ಅವರ ಹಿತ್ತಿಲಿನ ಎರಡು ತೆಂಗು ಹೋಗಿದ್ದವು. ಆಮೇಲಿನ ಪ್ರತಿ ಮಳೆಗಾಲದಲ್ಲೂ ಕಡಲು ಜೋರಾದ ರಾತ್ರಿ ಆ ಮನೆಯವರು ಸಾಮಾನು ಕಟ್ಟಿಕೊಂಡು ಸಂಬಂಧಿಕರ ಮನೆಗೆ ಮಲಗಲು ಹೋಗುತ್ತಾರೆ. ಮರುದಿನ ಹುಡುಗ ತರಗತಿಯಲ್ಲಿ ತೂಕಡಿಸುತ್ತಾನೆ. ಗೊತ್ತಿಲ್ಲದೆ ನಾವೂ ಒಂದೆರಡು ಸಲ ಅವನಿಗೆ ಬೈದಿದ್ದೇವೆ.

ಪಟ್ಟಿಗಳ ಚಿತ್ರ ತೋರಿಸಿದ ಮೇಲೆ ಅವನೊಂದು ಕಾಗದ ತಂದ. ಅಡುಗೆಮನೆಯ ಬಾಗಿಲಿನಿಂದ ನೀರಿಗೆ ಎಷ್ಟು ಹೆಜ್ಜೆ ಅಂತ ಬರೆದಿದ್ದ. ಬೇರೆ ಮಕ್ಕಳು ಬಿಡಲಿಲ್ಲ. "ನೀನು ದೊಡ್ಡವನಾದರೆ ಹೆಜ್ಜೆಯೂ ದೊಡ್ಡದಾಗುತ್ತದಲ್ಲ ಮಾರಾಯ!" ಹೌದಲ್ಲ ಅನ್ನಿಸಿತು. ಬಲೆಗೆ ಕಟ್ಟುವ ಹಗ್ಗ ತಂದು, ಟೈಲರ್ ಅಂಗಡಿಯ ಟೇಪಿನಲ್ಲಿ ಅಳೆದು, ಮೀಟರಿಗೆ ಒಂದು ಗಂಟು ಹಾಕಿದೆವು.

ಎರಡನೇ ತಕರಾರು ತೆಗೆದದ್ದು ದೋಣಿಯಲ್ಲಿ ಹೋಗುತ್ತಿದ್ದ ಒಬ್ಬ ಹಿರಿಯರು. "ಭರತದಲ್ಲಿ ಅಳೆದರೆ ಒಂದು, ಇಳಿತದಲ್ಲಿ ಅಳೆದರೆ ಇನ್ನೊಂದು. ಎಂತ ಲೆಕ್ಕ ಉಸ್ತಾದ್ ನಿಮ್ಮದು?" ಎಂದರು. ದಾರಿಯನ್ನೂ ಅವರೇ ಹೇಳಿದರು. ಹುಣ್ಣಿಮೆಯ ಹೊತ್ತಿಗೆ ಭರತ ದೊಡ್ಡದು. ಆ ನೀರು ಕಸಕಡ್ಡಿ ತಂದು ಗೆರೆ ಎಳೆದು ಹೋಗುತ್ತದೆ. ಪ್ರತಿ ಹಿಜ್ರಿ ತಿಂಗಳ 16ಕ್ಕೆ ಆ ಗೆರೆಯವರೆಗೆ ಅಳೆಯಿರಿ ಎಂದರು. ಚಂದ್ರನ ಲೆಕ್ಕದ ನಮ್ಮ ಕ್ಯಾಲೆಂಡರ್ ಕಡಲಿನ ಲೆಕ್ಕಕ್ಕೂ ಸರಿಹೊಂದಿತು.

ಶಅಬಾನ್‌ನಲ್ಲಿ 38 ಗಂಟು. ಮಳೆಯ ನಡುವಿನ ಮುಹರ್ರಮ್‌ನಲ್ಲಿ 11. ಮಳೆ ನಿಂತ ಮೇಲೆ ಮರಳು ಸ್ವಲ್ಪ ಮರಳಿ ಬಂದು ಜಮಾದುಲ್ ಅವ್ವಲ್‌ನಲ್ಲಿ 24. ತಿಂಗಳಿಗೊಂದು ಬಣ್ಣದ ಬಟ್ಟೆಯ ತುಂಡನ್ನು ಆಯಾ ಗಂಟಿಗೆ ಕಟ್ಟಿದೆವು.

ಒಂದು ಮಾತನ್ನು ಮಕ್ಕಳಿಗೆ ಗಟ್ಟಿಯಾಗಿ ಹೇಳಿದ್ದೇವೆ, ಇಲ್ಲಿಯೂ ಹೇಳುತ್ತೇವೆ. ಒಂದು ವರ್ಷದ ಹಗ್ಗ ಹವಾಮಾನ ಬದಲಾವಣೆಗೆ ಸಾಕ್ಷಿಯಲ್ಲ. ಮಳೆಗಾಲದಲ್ಲಿ ಮರಳು ಹೋಗುವುದು, ಆಮೇಲೆ ಬರುವುದು ಹಿಂದೆಯೂ ಇತ್ತು. ನದಿಯ ಬಾಯಿಗೆ ಕಟ್ಟಿದ ಗೋಡೆಗಳು, ಹೊಳೆಯಿಂದ ಮರಳು ತೆಗೆಯುವುದು, ಎಲ್ಲವೂ ದಡವನ್ನು ಬದಲಿಸುತ್ತವೆ. ಅದರ ಮೇಲೆ, 1993ರಿಂದೀಚೆಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ ಹತ್ತು ಸೆಂಟಿಮೀಟರಿನಷ್ಟು ಏರಿದೆ ಎಂದು ಉಪಗ್ರಹಗಳ ಲೆಕ್ಕ. ಯಾವುದರ ಪಾಲು ಎಷ್ಟು ಎಂದು ಹೇಳಲು ಹತ್ತಾರು ವರ್ಷಗಳ ಅಳತೆ ಬೇಕು. ಆ ಅಳತೆಯನ್ನು ಯಾರಾದರೂ ಒಂದು ದಿನ ಶುರು ಮಾಡಲೇಬೇಕಲ್ಲ?

ರಬೀಉಲ್ ಅವ್ವಲ್‌ನ ಮೀಲಾದ್ ಕಾರ್ಯಕ್ರಮದ ದಿನ ಆ ಹಗ್ಗವನ್ನು ಮದ್ರಸದ ಗೋಡೆಯುದ್ದಕ್ಕೂ ಕಟ್ಟಿದ್ದೆವು. ಹುಡುಗನೇ ನಿಂತು ಬಂದವರಿಗೆಲ್ಲ ವಿವರಿಸಿದ. ಅವನ ಉಮ್ಮ ಹೆಂಗಸರ ಬದಿಯಲ್ಲಿ ನಿಂತು ಕೇಳುತ್ತಿದ್ದರು. ಜಮಾಅತಿನ ಹಿರಿಯರು ಹಗ್ಗದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು, ಮುಹರ್ರಮ್‌ನ ಕೆಂಪು ಬಟ್ಟೆಯ ಹತ್ತಿರ ನಿಂತರು. "ಇಷ್ಟೇನಾ?" ಅಂದರು. ಅದೇ ಮನೆಯ ವಿಷಯ ಐದು ವರ್ಷದಿಂದ ಎಲ್ಲರಿಗೂ ಗೊತ್ತಿತ್ತು. ಕಣ್ಣಿಗೆ ಕಂಡದ್ದು ಅವತ್ತು.

ಆಮೇಲೆ ದೊಡ್ಡ ಪವಾಡ ಏನೂ ಆಗಲಿಲ್ಲ. ಮೂರು ಸಣ್ಣ ಕೆಲಸ ಆಯಿತು. ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿಯನ್ನು ಕಸ ಅಂತ ಕಿತ್ತು ಸುಡುವುದನ್ನು ಆ ಸಾಲಿನ ಮನೆಯವರು ನಿಲ್ಲಿಸಿದರು. ಆ ಬಳ್ಳಿಯೇ ಮರಳನ್ನು ಹಿಡಿದಿಡುವುದು. ಮಸೀದಿಯ ಬಾವಿ ಏಪ್ರಿಲ್‌ನಲ್ಲಿ ತಳ ಕಾಣುತ್ತದೆ ಎಂಬ ಮಾತೂ ಅದೇ ದಿನ ಎದ್ದಿತು. ಛಾವಣಿಯ ಮಳೆನೀರು ಬಾವಿಯ ಬದಿಯ ಗುಂಡಿಗೆ ಇಳಿಯುವಂತೆ ಪೈಪು ಹಾಕಿದರು, ವುಝೂ ಮಾಡಿದ ನೀರು ತೆಂಗಿಗೆ ಹೋಗುತ್ತಿದೆ. ಮೂರನೆಯದು, ದಡದ ರಕ್ಷಣೆ ಕೋರುವ ಮನವಿಯ ಜೊತೆ ಮಕ್ಕಳ ಅಳತೆಯ ಪಟ್ಟಿಯನ್ನೂ ಲಗತ್ತಿಸಿದರು. ಬರೀ "ಕಡಲು ಬರುತ್ತಿದೆ" ಅಂತ ಬರೆಯುವುದಕ್ಕೂ, ಯಾವ ತಾರೀಕಿಗೆ ಎಷ್ಟು ಮೀಟರ್ ಎಂದು ಬರೆಯುವುದಕ್ಕೂ ವ್ಯತ್ಯಾಸ ಉಂಟು.

ನಿಮ್ಮ ಮನೆಯಲ್ಲೂ ಮಾಡಬಹುದು

ಓದುಗರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹೆಣೆಯುವವರು ಇದ್ದರೆ ಒಂದು ವರ್ಷದ ತಾಪಮಾನವನ್ನು ನೂಲಿಗೆ ಇಳಿಸಿ. ಹವಾಮಾನ ಇಲಾಖೆಯ ಲೆಕ್ಕ ಪತ್ರಿಕೆಯಲ್ಲೇ ಸಿಗುತ್ತದೆ. ಯಾವ ಡಿಗ್ರಿಗೆ ಯಾವ ಬಣ್ಣ ಎಂದು ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ, ನಡುವೆ ಬದಲಿಸಬೇಡಿ. ದಿನಕ್ಕೊಂದು ಸಾಲು ಕಷ್ಟವಾದರೆ ವಾರಕ್ಕೊಂದು ಸಾಕು. ಹೆಣೆಯುವವರು ಇಲ್ಲದಿದ್ದರೆ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಕ್ಕಳ ಕ್ರೆಯಾನ್ ಸಾಕು. ಬಾವಿ ಇರುವವರು ಹಗ್ಗಕ್ಕೆ ಗಂಟು ಹಾಕಿ ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡಿ. ಹಿರಿಯರು ಇದ್ದರೆ ಹಿಂದೆ ಹೇಗಿತ್ತು ಎಂದು ಕೇಳಿ, ಅದನ್ನೂ ತಾರೀಕು ಸಮೇತ ಬರೆದಿಡಿ. ಮುಂದಿನವರಿಗೆ ಅದು ಬೇಕಾಗುತ್ತದೆ.

ಈ ಶಅಬಾನ್‌ಗೆ ನಮ್ಮ ಹಗ್ಗಕ್ಕೆ ಒಂದು ವರ್ಷ ತುಂಬಿತು. ಹುಡುಗ ಮತ್ತೆ ಅಳೆದ: 35. ಹೋದ ವರ್ಷಕ್ಕಿಂತ ಮೂರು ಗಂಟು ಕಡಿಮೆ. "ಮೂರು ಮೀಟರ್ ಕಡಲು ತಿಂದಿತಾ ಉಸ್ತಾದ್?" ಎಂದು ಒಬ್ಬ ಕೇಳಿದಾಗ ಅವನೇ ಉತ್ತರ ಕೊಟ್ಟ. "ಈಗಲೇ ಹೇಳಲಿಕ್ಕಾಗುವುದಿಲ್ಲ. ಇನ್ನೂ ಕೆಲವು ವರ್ಷ ಅಳೆಯಬೇಕು."

ಅವನು ಮುಂದಿನ ವರ್ಷ ಮದ್ರಸ ಮುಗಿಸುತ್ತಾನೆ. ಹಗ್ಗವನ್ನು ಯಾರಿಗೆ ಕೊಡುವುದು ಎಂದು ಈಗಲೇ ಕೇಳತೊಡಗಿದ್ದಾನೆ. ಅವನ ತಂಗಿ ಮೂರನೇ ತರಗತಿಯಲ್ಲಿ ಇದ್ದಾಳೆ, ಗಂಟು ಎಣಿಸಲು ಕಲಿತಿದ್ದಾಳೆ.